ಕೆಂಪೇಗೌಡ ರಸ್ತೆಗೆ ಇನ್ನೊಂದು ಚಿತ್ರಮಂದಿರ ಬೇಕೆ?

ಬೆಂಗಳೂರಿನ ಕೆಂಪೇಗೌಡ ರಸ್ತೆ, ಗಾಂಧಿನಗರ, ಮೆಜೆಸ್ಟಿಕ್ ಸುತ್ತಿನ ಪ್ರದೇಶಕ್ಕೆ ಹೊಸ ಚಿತ್ರಮಂದಿರದ ಅಗತ್ಯವಿದೆಯೇ ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಇಡೀ ನಗರದ ಪರದೆಗಳನ್ನು ಎಣಿಸಿ ಉತ್ತರಿಸುವುದಾದರೆ ಬೇಡವೆನ್ನಬೇಕಾಗುತ್ತದೆ. ಕೋರಮಂಗಲದ ಫೋರಂ ಮಾಲ್‌ನಲ್ಲಿ 2004ರಲ್ಲಿ 11 ಪರದೆಗಳ ಪಿವಿಆರ್ ತೆರೆದ ಮೇಲೆ ಊರಿನ ಎಲ್ಲ ದಿಕ್ಕುಗಳಲ್ಲೂ ಮಲ್ಟಿಪ್ಲೆಕ್ಸ್‌ಗಳು ಬಂದಿವೆ. ಆದರೆ ನಗರದ ನಡುಭಾಗ ಹಿಂದೆ ಮಾಡುತ್ತಿದ್ದ ಒಂದು ಕೆಲಸವನ್ನು ಈ ಪರದೆಗಳು ವಹಿಸಿಕೊಂಡಿವೆಯೇ ಎಂದು ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ಆ ಕೆಲಸ ಯಾವುದು ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು.

ಇದಕ್ಕೆ ಹಳೆಯ ಕನ್ನಡ ದಿನಪತ್ರಿಕೆಗಳ ಸಿನಿಮಾ ಜಾಹೀರಾತುಗಳು ಒಳ್ಳೆಯ ಆಕರ. ಶುಕ್ರವಾರದ ಪುಟದಲ್ಲಿ ಚಿತ್ರದ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಮಂದಿರದ ಹೆಸರು, ಪಕ್ಕದಲ್ಲಿ ದಿನಕ್ಕೆ 4 ಆಟಗಳೆಂಬ ಸೂಚನೆ. ಅದು ಮೇನ್ ಥಿಯೇಟರ್. ಹೆಚ್ಚಿನ ಪಾಲು ಕೆಂಪೇಗೌಡ ರಸ್ತೆಯದೋ ಅದರ ಆಸುಪಾಸಿನದೋ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನವರಂಗ್, ಉಮಾ, ವೀರೇಶ್, ಪ್ರಸನ್ನ ಮುಂತಾದ ಬಡಾವಣೆಗಳ ಮಂದಿರಗಳು. ಕೆಲವು ವಾರ ಕಳೆದ ಮೇಲಿನ ಜಾಹೀರಾತು ನೋಡಿ: ಮೇನ್ ಥಿಯೇಟರಿನ ಹೆಸರು ಬದಲಾಗಿರುತ್ತದೆ, ವಾರದ ಎಣಿಕೆ ಮಾತ್ರ ತಪ್ಪಿರುವುದಿಲ್ಲ. ಗಾಂಧಿನಗರದ ಸಿನಿಮಾ ಉದ್ಯಮದವರು ಇದನ್ನು ಶಿಫ್ಟಿಂಗ್ ಎನ್ನುತ್ತಾರೆ. ಜನ ಕಡಿಮೆಯಾದಂತೆ ಚಿತ್ರವನ್ನು ದೊಡ್ಡ ಮಂದಿರದಿಂದ ಅದೇ ರಸ್ತೆಯ ಚಿಕ್ಕ ಮಂದಿರಕ್ಕೆ ಇಳಿಸಿ ಓಡಿಸುವ ಪದ್ಧತಿ ಅದು.

ಈ ಪದ್ಧತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನ್ನ ಅಭಿಪ್ರಾಯ. ಕೆಂಪೇಗೌಡ ರಸ್ತೆಯ ವೈಭವವನ್ನು ನೆನೆಯುವವರು ಕಟೌಟು, ಹಾರ, ಪಟಾಕಿಗಳನ್ನು ನೆನೆಯುತ್ತಾರೆ. 1972ರ ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಸುಮಾರು ಎರಡು ವರ್ಷ ಓಡಿದ್ದನ್ನು ನೆನೆಯುತ್ತಾರೆ. ಅದೆಲ್ಲ ನಿಜ. ಆದರೆ ಅಂಥ ಭಾಗ್ಯ ಬೆರಳೆಣಿಕೆಯ ಚಿತ್ರಗಳದು. ಉಳಿದವುಗಳನ್ನು ಕಾಯ್ದದ್ದು, ನಡೆದು ಹೋಗುವಷ್ಟು ಹತ್ತಿರದಲ್ಲಿ ಬೇರೆ ಬೇರೆ ಗಾತ್ರದ ಮಂದಿರಗಳಿದ್ದ ಆ ರಸ್ತೆಯ ರಚನೆ. ಸಂತೋಷ್, ನರ್ತಕಿ, ಸಪ್ನ ಮೂರೂ ಒಂದೇ ಆವರಣದಲ್ಲಿದ್ದವು. ಮೊದಲ ವಾರ ಸೋತ ಚಿತ್ರಕ್ಕೆ ಬಾಯಿಮಾತಿನಿಂದ ಚೇತರಿಸಿಕೊಳ್ಳುವಷ್ಟು ಕಾಲಾವಕಾಶ ಇಲ್ಲಿ ಸಿಗುತ್ತಿತ್ತು.

ಆ ರಚನೆ ಈಗ ಬಹುಮಟ್ಟಿಗೆ ಕಳಚಿದೆ. ಇಡೀ ಪ್ರದೇಶಕ್ಕೆ ತನ್ನ ಹೆಸರು ಕೊಟ್ಟ ಮೆಜೆಸ್ಟಿಕ್ ಚಿತ್ರಮಂದಿರ ಇಲ್ಲ. ಅಲಂಕಾರ್, ಕೆಂಪೇಗೌಡ, ಹಿಮಾಲಯ, ಸಾಗರ್ ಇಲ್ಲ. 1968ರಲ್ಲಿ ಸಿನೆರಾಮಾ ಪರದೆಯೊಂದಿಗೆ ತೆರೆದ, ಸಾವಿರಕ್ಕೂ ಹೆಚ್ಚು ಆಸನಗಳಿದ್ದ ಕಪಾಲಿ 2017ರಲ್ಲಿ ಪ್ರದರ್ಶನ ನಿಲ್ಲಿಸಿತು. ಆ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಎದ್ದಿದೆ, ಮಲ್ಟಿಪ್ಲೆಕ್ಸ್ ಅದರ ಒಂದು ಭಾಗ. ದಂಡಿನ (ಕಂಟೋನ್ಮೆಂಟ್) ಕಡೆಯೂ ಇದೇ ಕಥೆ: ಎಂ.ಜಿ. ರಸ್ತೆಯ ಪ್ಲಾಜಾ ಇದ್ದಲ್ಲಿ ಮೆಟ್ರೊ ಬಂತು, ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು.

ಮುಚ್ಚಿದ್ದಕ್ಕೆ ನೆಲದ ಬೆಲೆ ಕಾರಣವೆನ್ನುವುದು ವಾಡಿಕೆ. ಅದು ಅರ್ಧ ಕಾರಣ ಮಾತ್ರ. ಉಳಿದರ್ಧ ಬಾಡಿಗೆ ಪದ್ಧತಿಯಲ್ಲಿದೆ. ನಮ್ಮ ಸಿಂಗಲ್ ಸ್ಕ್ರೀನ್‌ಗಳಲ್ಲಿ ನಿರ್ಮಾಪಕ ಅಥವಾ ವಿತರಕ ವಾರಕ್ಕೆ ಇಂತಿಷ್ಟೆಂದು ಬಾಡಿಗೆ ಕಟ್ಟಿ ಚಿತ್ರ ಹಾಕಬೇಕು; ಗಾಂಧಿನಗರದ ಮೇನ್ ಥಿಯೇಟರಿನಲ್ಲಿ ಅದು ಲಕ್ಷಗಳ ಮಾತು. ಮಲ್ಟಿಪ್ಲೆಕ್ಸ್‌ನಲ್ಲಿ ಗಳಿಕೆಯ ಶೇಕಡಾವಾರು ಹಂಚಿಕೆ. ಒಂದು ಆಟಕ್ಕೆ 70 ಜನ ಬರುವ ಚಿತ್ರವನ್ನು ಊಹಿಸಿಕೊಳ್ಳೋಣ. ದಿನಕ್ಕೆ 4 ಆಟದಂತೆ ವಾರಕ್ಕೆ 28 ಆಟ, 1,960 ಜನ. ಟಿಕೆಟ್ ₹120 ಇದ್ದರೆ ತೆರಿಗೆ ಬಿಟ್ಟು ₹2,35,200. ಸಾವಿರ ಆಸನದ ಮಂದಿರದಲ್ಲಿ ಇದು ಶೇ. 7ರಷ್ಟು ತುಂಬಿದ ಆಟ. ಬಾಡಿಗೆ ಕಟ್ಟಿದ ಮೇಲೆ ನಿರ್ಮಾಪಕನ ಕೈಗೆ ಬರುವುದು ನಷ್ಟ, ಶನಿವಾರವೇ ಚಿತ್ರ ಎತ್ತಂಗಡಿ. ಅದೇ 70 ಜನ 140 ಆಸನದ ಮಂದಿರದಲ್ಲಿ ಕೂತರೆ ಅರ್ಧ ಮನೆ ತುಂಬಿರುತ್ತದೆ. ಅರ್ಧ ಪಾಲಿನ ಒಪ್ಪಂದವಿದ್ದರೆ ₹1,17,600 ನಿರ್ಮಾಪಕನಿಗೆ, ಅಷ್ಟೇ ಮಂದಿರಕ್ಕೆ. ಪ್ರೇಕ್ಷಕರ ಸಂಖ್ಯೆ ಒಂದೇ. ಚಿತ್ರ ಉಳಿಯುವುದೋ ಹೋಗುವುದೋ ಎಂಬುದನ್ನು ಇಲ್ಲಿ ನಿರ್ಧರಿಸುವುದು ಕೋಣೆಯ ಗಾತ್ರ ಮತ್ತು ಒಪ್ಪಂದದ ರೀತಿ.

ಮಾಲ್‌ಗಳಲ್ಲಿ ಚಿಕ್ಕ ಕೋಣೆಗಳೂ ಇವೆ, ಪಾಲಿನ ಒಪ್ಪಂದವೂ ಇದೆ, ಹಾಗಿರುವಾಗ ಇನ್ನೇನು ಬೇಕು ಎಂದು ಕೇಳಬಹುದು. ಈ ಆಕ್ಷೇಪವನ್ನು ಗೌರವದಿಂದ ನೋಡಬೇಕು, ಏಕೆಂದರೆ ಮಲ್ಟಿಪ್ಲೆಕ್ಸ್ ಕನ್ನಡ ಚಿತ್ರವನ್ನು ಬೆಳೆಸಿದ ಉದಾಹರಣೆಯೂ ಇದೆ. 2006ರ ಕೊನೆಗೆ ತೆರೆಕಂಡ ‘ಮುಂಗಾರು ಮಳೆ’ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಓಡಿತು. ಆದರೆ ಈಗ ವರ್ಷಕ್ಕೆ 200ಕ್ಕೂ ಹೆಚ್ಚು ಕನ್ನಡ ಚಿತ್ರಗಳು ಬರುತ್ತಿವೆ. ಅದೇ ಪರದೆಗಳಿಗೆ ಹಿಂದಿ, ತೆಲುಗು, ತಮಿಳು, ಇಂಗ್ಲಿಷ್ ಚಿತ್ರಗಳೂ ಬರುತ್ತವೆ. ಹೊಸಬರ ಚಿತ್ರಕ್ಕೆ ಸಿಗುವುದು ಬೆಳಿಗ್ಗೆ 10ರದೋ ಮಧ್ಯಾಹ್ನದ್ದೋ ಒಂದು ಆಟ. ಕೆಲಸಕ್ಕೆ ಹೋಗುವವರು ಆ ಹೊತ್ತಿಗೆ ಬರಲಾರರು. ಬರಲಿಲ್ಲವೆಂದು ಮುಂದಿನ ಶುಕ್ರವಾರ ಆ ಒಂದು ಆಟವೂ ಹೋಗುತ್ತದೆ.

ಟಿಕೆಟ್ ದರದ ಪ್ರಶ್ನೆ ಇದಕ್ಕೆ ಹೆಣೆದುಕೊಂಡಿದೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್ 12ರಂದು ತೆರಿಗೆ ಹೊರತುಪಡಿಸಿ ₹200ರ ಮಿತಿ ವಿಧಿಸುವ ತಿದ್ದುಪಡಿ ನಿಯಮ ಹೊರಡಿಸಿತು. ಅದೇ ತಿಂಗಳ 23ರಂದು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ಮಿತಿ ಸರಿಯೋ ತಪ್ಪೋ ಎಂಬ ವಾದವನ್ನು ಇಲ್ಲಿ ಬದಿಗಿಡುತ್ತೇನೆ. ಆ ನಿಯಮದ ಒಂದು ವಿನಾಯಿತಿ ನಮ್ಮ ವಿಷಯಕ್ಕೆ ಮುಖ್ಯ: 75 ಅಥವಾ ಅದಕ್ಕಿಂತ ಕಡಿಮೆ ಆಸನಗಳ ಪ್ರೀಮಿಯಂ ಪರದೆಗಳಿಗೆ ಮಿತಿ ಅನ್ವಯಿಸದು. ನಿಯಮ ರೂಪಿಸಿದವರ ಕಣ್ಣಲ್ಲಿ ಚಿಕ್ಕ ಕೋಣೆಯೆಂದರೆ ಒರಗು ಸೋಫಾಗಳ ಐಷಾರಾಮಿ ಕೋಣೆ ಎಂದಾಯಿತು. ಅಗ್ಗದ ಚಿಕ್ಕ ಕೋಣೆಯೆಂಬ ಕಲ್ಪನೆಯೇ ನಿಯಮದಲ್ಲಿ ಇಲ್ಲ. ಕನ್ನಡದ ಸಣ್ಣ ಬಜೆಟ್ಟಿನ ಚಿತ್ರಕ್ಕೂ ಗಾಂಧಿ ಕ್ಲಾಸಿನ ಅಗ್ಗದ ಆಸನದಲ್ಲಿ ಕೂತು ಸಿನಿಮಾ ನೋಡಿ ಬೆಳೆದ ಪ್ರೇಕ್ಷಕನಿಗೂ ಬೇಕಾಗಿರುವುದು ಅದೇ. ಹೊಸ ಮಂದಿರ ಬೇಕೆಂದು ನಾನು ವಾದಿಸುವುದು ಇದಕ್ಕಾಗಿ. ಸಾವಿರ ಆಸನದ ಇನ್ನೊಂದು ಕಪಾಲಿಯನ್ನು ಕಟ್ಟುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ನಡುಭಾಗದಲ್ಲೇ ಏಕೆ? 2025ರ ರಾಜ್ಯ ಬಜೆಟ್ಟಿನಲ್ಲಿ ನಂದಿನಿ ಬಡಾವಣೆಯಲ್ಲಿರುವ ಚಲನಚಿತ್ರ ಅಕಾಡೆಮಿಯ 2.5 ಎಕರೆ ಜಾಗದಲ್ಲಿ ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಮಲ್ಟಿಪ್ಲೆಕ್ಸ್ ಪ್ರಕಟವಾಯಿತು. ಸರ್ಕಾರಕ್ಕೆ ಈ ಹೊಣೆ ತನ್ನದೆಂದು ಅನ್ನಿಸಿರುವುದು ಸಂತೋಷ. ಆದರೆ ವೈಟ್‌ಫೀಲ್ಡ್‌ನವರಿಗೆ, ಕನಕಪುರ ರಸ್ತೆಯವರಿಗೆ ನಂದಿನಿ ಬಡಾವಣೆ ದೂರ. 2017ರಲ್ಲಿ ಮೊದಲ ಹಂತ ಪೂರ್ಣಗೊಂಡಾಗಿನಿಂದ ನೇರಳೆ ಮತ್ತು ಹಸಿರು ಮಾರ್ಗಗಳು ಕೂಡುವುದು ಮೆಜೆಸ್ಟಿಕ್‌ನಲ್ಲಿ. ಬಿಎಂಟಿಸಿ, ಕೆಎಸ್‌ಆರ್‌ಟಿಸಿ, ರೈಲು ಮೂರೂ ಅಲ್ಲೇ. ಪಾರ್ಕಿಂಗ್ ಇಲ್ಲದೆ ನಡೆಯಬಲ್ಲ ಚಿತ್ರಮಂದಿರಕ್ಕೆ ಬೆಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ. ಒಂದು ತೊಡಕು ಮಾತ್ರ ಉಂಟು. ರಾತ್ರಿ 9.30ಕ್ಕೆ ಶುರುವಾಗುವ ಸೆಕೆಂಡ್ ಶೋ ಬಿಡುವ ಹೊತ್ತಿಗೆ ಕೊನೆಯ ಮೆಟ್ರೊ ಹೋಗಿರುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ ಆ ಆಟವನ್ನು 8.30ಕ್ಕೆ ತರಬೇಕಾಗುತ್ತದೆ.

ಇಂಥ ಮಂದಿರ ಸಾಧ್ಯವೇ ಎನ್ನುವವರು ತಿರುವನಂತಪುರವನ್ನು ನೋಡಬೇಕು. ಅಲ್ಲಿ ತಂಬಾನೂರಿನ ರೈಲು ನಿಲ್ದಾಣ, ಬಸ್ ನಿಲ್ದಾಣಗಳ ಹತ್ತಿರವೇ ಕೇರಳ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮದ ಕೈರಳಿ, ನಿಳಾ, ಶ್ರೀ ಮಂದಿರಗಳಿವೆ. ಅಲ್ಲಿನ ಸಾರಿಗೆ ನಿಗಮದ ಬಸ್ ಟರ್ಮಿನಲ್ ಕಟ್ಟಡದಲ್ಲೇ, ನಿರ್ದೇಶಕ ಲೆನಿನ್ ರಾಜೇಂದ್ರನ್ ಹೆಸರಿನ ಇನ್ನೊಂದು ಮಂದಿರವನ್ನೂ ನಿಗಮ ನಡೆಸುತ್ತಿದೆ. ವರ್ಷವಿಡೀ ವಾಣಿಜ್ಯ ಚಿತ್ರಗಳು ಓಡುವ ಕೈರಳಿ ಸಮುಚ್ಚಯ ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವದ ಪ್ರದರ್ಶನಗಳಿಗೂ ತೆರೆದುಕೊಳ್ಳುತ್ತದೆ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಮಾಲ್‌ನಿಂದ ಮಾಲ್‌ಗೆ ಹೋಗಬೇಕಾಗಿರುವುದು ನಮಗೆ ಅಂಥ ಸ್ವಂತ ಜಾಗ ಇಲ್ಲದ್ದರಿಂದ.

ಕೆಂಪೇಗೌಡ ಬಸ್ ನಿಲ್ದಾಣವನ್ನು ಹೊಸದಾಗಿ ಕಟ್ಟುವ ಪ್ರಸ್ತಾವ ಸರ್ಕಾರದ ಮುಂದಿದೆ. ಅದರ ಟೆಂಡರ್ ಷರತ್ತುಗಳಲ್ಲೇ 100ರಿಂದ 250 ಆಸನಗಳ ನಾಲ್ಕು ಪರದೆಗಳನ್ನು ಕಡ್ಡಾಯಗೊಳಿಸಬೇಕು. ವಾರದ ಬಾಡಿಗೆ ಇರಬಾರದು, ಪಾಲಿನ ಒಪ್ಪಂದವೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪರದೆಯಲ್ಲಿ ಸಂಜೆಯ ಫಸ್ಟ್ ಶೋ ಕನ್ನಡ ಚಿತ್ರಕ್ಕೆ ಮೀಸಲಾಗಿರಬೇಕು, ಮತ್ತು ಅಲ್ಲಿ ಹಾಕಿದ ಚಿತ್ರವನ್ನು ಮೂರು ವಾರದ ಒಳಗೆ ಎತ್ತಬಾರದು.