ಬಿಡುಗಡೆ ಪತ್ರದವರೆಗಿನ ದಾರಿ

ಮಾನವ ಕಳ್ಳಸಾಗಣೆ ಎಂದೊಡನೆ ನಮಗೆ ಗಡಿ, ಕತ್ತಲೆ, ಲಾರಿ ನೆನಪಾಗುತ್ತವೆ. ಕಾನೂನು ನೋಡುವುದು ದೂರವನ್ನಲ್ಲ. ಬೆದರಿಸಿ, ವಂಚಿಸಿ ಅಥವಾ ಆಮಿಷ ಒಡ್ಡಿ, ಶೋಷಣೆಗೆಂದು ಒಬ್ಬರನ್ನು ಕರೆದೊಯ್ದರೆ ಪಕ್ಕದ ತಾಲ್ಲೂಕಿಗಾದರೂ ಅದು ಅಪರಾಧವೇ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಇದಕ್ಕೆ ಅನ್ವಯಿಸುತ್ತದೆ.

ಮುಂಗಡದ ಕಟ್ಟು

ಸಿಕ್ಕಿಬಿದ್ದವರು ತಮ್ಮನ್ನು ‘ಸಂತ್ರಸ್ತರು’ ಎಂದು ಕರೆದುಕೊಳ್ಳುವುದಿಲ್ಲ. ‘ಮೇಸ್ತ್ರಿ ಹತ್ರ ಮುಂಗಡ ತಗೊಂಡಿದೀವಿ, ತೀರಿಸ್ಬೇಕು’ ಎನ್ನುತ್ತಾರೆ, ಅಷ್ಟೇ. ಒಡಿಶಾದ ಬಲಾಂಗೀರ್ ಕಡೆಯಿಂದ ದಕ್ಷಿಣದ ಇಟ್ಟಿಗೆ ಗೂಡುಗಳಿಗೆ ಬರುವ ಎಷ್ಟೋ ಕುಟುಂಬಗಳ ಮಾತೂ ಇದೇ. ಗಂಡ ಮಣ್ಣು ಕಲಸುತ್ತಾನೆ, ಹೆಂಡತಿ ಅಚ್ಚು ಹಾಕುತ್ತಾಳೆ, ಮಗು ಹಸಿ ಇಟ್ಟಿಗೆಯನ್ನು ಮಗುಚಿ ಒಣಗಿಸುತ್ತದೆ. ಲೆಕ್ಕದ ಪುಸ್ತಕ ಮಾತ್ರ ಮೇಸ್ತ್ರಿಯ ಕೈಯಲ್ಲಿ. ಸಾಲ ಮಾಡಿದವರು ದುಡಿಯಲೇಬೇಕಲ್ಲ ಎಂದು ನೋಡುವವರೂ ಸುಮ್ಮನಾಗುತ್ತಾರೆ. ಆ ನಂಬಿಕೆಯೇ ಅತ್ಯಂತ ಗಟ್ಟಿಯಾದ ಬೀಗ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಇಂಥ ಜೀತದ ಸಾಲವನ್ನು ತೀರಿಸಬೇಕಾಗಿಯೇ ಇಲ್ಲ. ಅದು ಜೀತದ ಸಾಲವಲ್ಲ ಎಂದು ರುಜುವಾತುಪಡಿಸುವ ಹೊಣೆಯೂ ಸಾಲ ಕೊಟ್ಟವನದೇ.

ಯಾವ ಸಂಖ್ಯೆಗೆ ಕರೆ?

ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಾಗಿ ಪೊಲೀಸರು ಬೇಕಿದ್ದರೆ 112, ರೈಲಿನಲ್ಲಿ ಅನುಮಾನ ಬಂದರೆ 139, ಉಚಿತ ಕಾನೂನು ನೆರವಿಗೆ 15100. ಇವುಗಳಲ್ಲಿ 1098 ಹಳೆಯದು. 1996ರಲ್ಲಿ ಮುಂಬೈಯಲ್ಲಿ ಆರಂಭವಾಯಿತು.

ಒಳಗಿರುವವರ ಕೈಯಲ್ಲಿ ಫೋನು ಇರುವುದೇ ಅಪರೂಪ. ಆದ್ದರಿಂದ ಕರೆ ಮಾಡಬೇಕಾದವರು ಹಾಲು ಹಾಕುವವರು, ಅಂಗನವಾಡಿ ಕಾರ್ಯಕರ್ತೆ, ಟೆಂಪೊ ಚಾಲಕ. ಶೆಡ್ಡು ಯಾವ ರಸ್ತೆಯಲ್ಲಿದೆ, ಎಷ್ಟು ಜನರಿದ್ದಾರೆ, ಯಾವ ಭಾಷೆ ಆಡುತ್ತಾರೆ ಎಂದು ಹೇಳಿದರೆ ಬಹಳ ಉಪಕಾರ. ಮಾಲೀಕನನ್ನು ನೀವೇ ಹೋಗಿ ಕೇಳಬೇಡಿ. ರಾತ್ರೋರಾತ್ರಿ ಅವರನ್ನೆಲ್ಲ ಬೇರೆಡೆಗೆ ಸಾಗಿಸಿಬಿಡಬಹುದು.

ಲೈಂಗಿಕ ಶೋಷಣೆಯಿಂದ ಪಾರಾದ ಮಹಿಳೆಯರಿಗೆ ಮಿಷನ್ ಶಕ್ತಿಯಡಿ ‘ಶಕ್ತಿ ಸದನ’ ಎಂಬ ಆಶ್ರಯ ಇದೆ. ಹಿಂದಿನ ಉಜ್ವಲಾ, ಸ್ವಾಧಾರ್ ಗೃಹಗಳು ಅದರಲ್ಲೇ ಸೇರಿಹೋಗಿವೆ.

ಆ ಒಂದು ಹಾಳೆ

ಜೀತದಿಂದ ಬಿಡಿಸಿದ ದಿನವೇ ಬಸ್ಸು ಹತ್ತಿಸಿ ಊರಿಗೆ ಕಳಿಸಿದರೆ ನೆರವು ಅರ್ಧಕ್ಕೇ ನಿಂತಂತೆ. ಬರಿಗೈಲಿ ಮರಳಿದವರ ಮುಂದೆ ಅದೇ ಮೇಸ್ತ್ರಿ ಮತ್ತೆ ಮುಂಗಡ ಹಿಡಿದು ನಿಲ್ಲುತ್ತಾನೆ. ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಹೇಳಿಕೆ ಪಡೆದು ಬಿಡುಗಡೆ ಪತ್ರ ಕೊಡಬೇಕು. ಮುಂದಿನ ಸವಲತ್ತಿಗೆಲ್ಲ ಅದೇ ಆಧಾರ.

ಕೇಂದ್ರದ 2016ರ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರಿಗೆ ಹಾಗೂ ವಿಶೇಷ ವರ್ಗದ ಮಕ್ಕಳಿಗೆ 2 ಲಕ್ಷ, ಲೈಂಗಿಕ ಶೋಷಣೆ ಅಥವಾ ಕಳ್ಳಸಾಗಣೆಗೆ ಸಿಕ್ಕ ಮಹಿಳೆಯರು ಮತ್ತು ಮಕ್ಕಳಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ, ಅಂಗವಿಕಲರಿಗೆ 3 ಲಕ್ಷ ರೂಪಾಯಿ ನಿಗದಿಯಾಗಿದೆ. ತಕ್ಷಣದ ನೆರವು ಮೊದಲು 20,000 ರೂಪಾಯಿವರೆಗೆ ಇತ್ತು, ಈಗ 30,000. ಪೂರ್ಣ ಮೊತ್ತವನ್ನು ನ್ಯಾಯಾಲಯದ ಪ್ರಕ್ರಿಯೆಗೆ ಕಟ್ಟಿಹಾಕಿರುವುದು ನನಗೆ ಸರಿಕಾಣುವುದಿಲ್ಲ. ಹೊಟ್ಟೆ ಮೊಕದ್ದಮೆ ಮುಗಿಯುವತನಕ ಕಾಯದು.

ಪತ್ರ ಕೈಗೆ ಬಂದಾಗ ಒಂದನ್ನು ನೋಡಿಕೊಳ್ಳಿ. ಗಂಡನ ಹೆಸರು ಮಾತ್ರ ಬರೆದು ಹೆಂಡತಿಯನ್ನು ಬಿಟ್ಟಿದ್ದರೆ ಅಲ್ಲೇ ಕೇಳಿ ಬರೆಸಬೇಕು. ಅಚ್ಚು ಹಾಕಿದ ಕೈ ಅವಳದು, ಯೋಜನೆಯಲ್ಲಿ ಹೆಚ್ಚಿನ ಮೊತ್ತವೂ ಅವಳದೇ.