ಗುಳೆಯ ದಾರಿಯಲ್ಲಿ ತಪ್ಪಿದ ಸೂಜಿಮದ್ದು: ವಿಜಯನಗರ ಜಿಲ್ಲೆಯ ತಾಲ್ಲೂಕುಗಳಲ್ಲಿ ಮನೋರೋಗ ಶುಶ್ರೂಷೆ ಮತ್ತು ಕೆಲಸದ ಒತ್ತಡ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿವೆ. ಈ ನೆಲವೆಲ್ಲ ಬಳ್ಳಾರಿಗೆ ಸೇರಿದ್ದ 1985ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಇಲ್ಲೊಂದು ಪ್ರಯೋಗ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತೆಯರಿಗೂ ತರಬೇತಿ, ಕೆಲವೇ ಅಗತ್ಯ ಔಷಧ, ಸರಳ ದಾಖಲೆ: ಇಷ್ಟೇ ಅದರ ಬಂಡವಾಳ. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ತಳಹದಿ. ಆ ಸೇವೆಯನ್ನು ಹೆಗಲ ಮೇಲೆ ಹೊತ್ತ ಸಿಸ್ಟರ್‌ಗಳ ಮನಸ್ಸು ಹೇಗಿದೆ ಎಂಬುದು ಈ ಲೇಖನದ ಪ್ರಶ್ನೆ.

ಕೆಲಸದಿಂದ ಬರುವ ಬಳಲಿಕೆಯನ್ನು ಅಳೆಯಲು ಮನೋವಿಜ್ಞಾನಿ ಮಾಸ್ಲಾಕ್ 1981ರಲ್ಲಿ ರೂಪಿಸಿದ ಅಳತೆಗೋಲು ಮೂರನ್ನು ಕೇಳುತ್ತದೆ: ಭಾವನೆಗಳು ಬತ್ತುವಷ್ಟು ದಣಿವು, ರೋಗಿಯಿಂದ ದೂರ ಸರಿಯುವ ಮನಸ್ಸು, ಮಾಡಿದ್ದು ವ್ಯರ್ಥವೆಂಬ ಭಾವ. ನನ್ನ ಮಟ್ಟಿಗೆ ಈ ತಾಲ್ಲೂಕುಗಳಲ್ಲಿ ಮೂರನೆಯದನ್ನೇ ಮೊದಲು ನೋಡಬೇಕು.

ಏಕೆಂದು ಒಂದು ಸೂಜಿಮದ್ದೇ ಹೇಳುತ್ತದೆ. ತೀವ್ರ ಮನೋರೋಗಕ್ಕೆ ಕೊಡುವ ಫ್ಲೂಫೆನಜಿನ್ ಡೆಕನೋಯೇಟ್ ಎಂಬ ಮದ್ದನ್ನು ಎಳ್ಳೆಣ್ಣೆಯಲ್ಲಿ ಬೆರೆಸಿರುತ್ತಾರೆ. ಮಂದವಾದ ಮದ್ದು, ಸ್ನಾಯುವಿನ ಆಳಕ್ಕೆ ನಿಧಾನವಾಗಿ ಒತ್ತಬೇಕು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ತಪ್ಪದೆ ಕೊಡಬೇಕು. ಆದರೆ ಮಳೆ ಕೈಕೊಟ್ಟ ವರ್ಷ ಮನೆಮಂದಿಯೆಲ್ಲ ಕಾಫಿ ಸೀಮೆಗೋ ಬೆಂಗಳೂರಿಗೋ ಗುಳೆ ಹೋಗುತ್ತಾರೆ. ರೋಗಿಯೂ ಜೊತೆಗೆ ಹೋಗುತ್ತಾನೆ. ತಾರೀಖು ದಾಟುತ್ತದೆ, ದಾಖಲೆ ಪುಸ್ತಕದಲ್ಲಿ ಆ ಜಾಗ ಖಾಲಿ ಉಳಿಯುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗ ತಾಯಿ, "ಮತ್ತ ಶುರುವಾಗೈತ್ರಿ ಸಿಸ್ಟರ್, ರಾತ್ರಿಯೆಲ್ಲಾ ಕಣ್ಣು ಮುಚ್ಚವಲ್ಲ" ಎನ್ನುತ್ತಾಳೆ. ವರದಿಯಲ್ಲಿ ಆತ ಬರೀ 'ಚಿಕಿತ್ಸೆ ಬಿಟ್ಟವರು'. ತಾನೇ ಸೋತೆ ಎಂದು ಕೊರಗುವವಳು ಸಿಸ್ಟರ್.

ಹೊರೆ ಹೆಚ್ಚಾಗಿ ಹಿಡಿತ ಕಡಿಮೆಯಾದಲ್ಲಿ ಒತ್ತಡ ವಿಪರೀತವಾಗುತ್ತದೆಂದು ಸಂಶೋಧಕ ಕರಾಸೆಕ್ 1979ರಲ್ಲೇ ವಾದಿಸಿದ್ದ. ಗುಳಿಗೆಯ ದಾಸ್ತಾನು, ವರ್ಗಾವಣೆ, ಮಳೆ, ಯಾವುದೂ ಈಕೆಯ ಕೈಯಲ್ಲಿಲ್ಲ. 2014ರ ಮನೋಚೈತನ್ಯ ಯೋಜನೆಯಂತೆ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವುದು ಮಂಗಳವಾರ. ಉಳಿದ ದಿನ ರೋಗಿಯ ಮನೆಯವರು ಹುಡುಕುವುದು ಈಕೆಯನ್ನೇ. ಹೆರಿಗೆ, ಹಾವು ಕಡಿತಗಳ ನಡುವೆಯೇ ಅವರಿಗೆ ಉತ್ತರ ಹೇಳಬೇಕು.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ (2017) ಮನೋರೋಗ ಶುಶ್ರೂಷೆಯ ಪ್ರತ್ಯೇಕ ಪದವಿ ಇಲ್ಲದ, ಸಾಮಾನ್ಯ ಶುಶ್ರೂಷೆ ಕಲಿತು ನೋಂದಾಯಿಸಿಕೊಂಡವರನ್ನೂ ಮಾನಸಿಕ ಆರೋಗ್ಯ ಶುಶ್ರೂಷಕರೆಂದೇ ಗುರುತಿಸುತ್ತದೆ. ಒತ್ತಡದ ಸಮೀಕ್ಷೆಯೂ ಧಾರವಾಡ, ಬೆಂಗಳೂರಿನ ಮನೋರೋಗ ಆಸ್ಪತ್ರೆಗಳ ವಾರ್ಡುಗಳನ್ನು ದಾಟಿ ಇವರವರೆಗೆ ಬರಬೇಕು. ಗುಳೆ ಹೊರಟ ರೋಗಿಯ ಕೈಗೆ, ಮದ್ದಿನ ಹೆಸರು ಮತ್ತು ಮುಂದಿನ ತಾರೀಖು ಬರೆದ, ಹೋದ ಊರಿನ ಆರೋಗ್ಯ ಕೇಂದ್ರವೂ ಮಾನ್ಯ ಮಾಡುವ ಚೀಟಿಯೊಂದನ್ನು ಕೊಡುವ ಅಧಿಕಾರ ಈಕೆಗೆ ಸಿಗಲಿ. ಆ ಚೀಟಿ ಬರುವ ಮೊದಲು ಮತ್ತು ಬಂದ ನಂತರ ಆಕೆಯ ಒತ್ತಡವನ್ನು ಅಳೆಯೋಣ.