ಏಳುನೂರ ಐದು ರನ್ ಮಾಡಿಯೂ ಸೋತವರು

ದೆಹಲಿಯ ಪತ್ರಿಕಾ ಕಚೇರಿಗಳು ಸಾಲಾಗಿ ನಿಂತಿರುವ ಬಹಾದೂರ್ ಷಾ ಜಫರ್ ಮಾರ್ಗದ ಹಿಂಬದಿಯಲ್ಲಿ ಫಿರೋಜ್ ಷಾ ತುಘಲಕ್ ಕಟ್ಟಿಸಿದ ಹದಿನಾಲ್ಕನೆಯ ಶತಮಾನದ ಕೋಟೆಯ ಅವಶೇಷಗಳಿವೆ. ದೂರದ ತೋಪ್ರಾದಿಂದ ಆತ ತರಿಸಿ ನಿಲ್ಲಿಸಿದ ಅಶೋಕನ ಕಂಬ ಈಗಲೂ ಅಲ್ಲೇ ಇದೆ. ಆ ಕೋಟೆಯ ಹೆಸರನ್ನೇ ಹೊತ್ತು ಪಕ್ಕದಲ್ಲಿ ಬೆಳೆದ ಕ್ರಿಕೆಟ್ ಮೈದಾನಕ್ಕೆ 2019ರಿಂದ ಅರುಣ್ ಜೇಟ್ಲಿ ಕ್ರೀಡಾಂಗಣ ಎಂಬ ಹೆಸರಾಗಿದೆ. ಆದರೆ ಹಳಬರ ಬಾಯಲ್ಲಿ ಅದು ಇಂದಿಗೂ ಕೋಟ್ಲಾ. ಈ ಮೈದಾನದೊಂದಿಗೆ ಕನ್ನಡಿಗರ ನೆನಪು ಎಂದರೆ ತಟ್ಟನೆ ಹೇಳುವುದು 1999ರ ಫೆಬ್ರವರಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಕಿತ್ತ ಪ್ರಸಂಗವನ್ನು. ಆ ಗೆಲುವಿನ ಪ್ರಭೆಯಲ್ಲಿ, ಹದಿನೇಳು ವರ್ಷ ಮೊದಲು ಅದೇ ನೆಲದಲ್ಲಿ ನಡೆದ ಇನ್ನೊಂದು ಪಂದ್ಯ ಮಸುಕಾಗಿದೆ. ಹೊರನಾಡಿನಲ್ಲಿ ನೆಲೆಸಿರುವ ನಮಗೆ ಆ ಪಂದ್ಯ ಕುಂಬ್ಳೆಯ ಪಂದ್ಯಕ್ಕಿಂತ ಹತ್ತಿರದ್ದು ಎಂದು ನನಗೆ ಅನ್ನಿಸುತ್ತದೆ.

1981–82ರ ರಣಜಿ ಟ್ರೋಫಿಯ ಅಂತಿಮ ಪಂದ್ಯವದು. ಕರ್ನಾಟಕ ತನ್ನ ಮೊದಲ ಇನ್ನಿಂಗ್ಸ್‌ನಲ್ಲಿ 705 ರನ್ ಮಾಡಿತು. ರೋಜರ್ ಬಿನ್ನಿ, ಬ್ರಿಜೇಶ್ ಪಟೇಲ್, ಸಯ್ಯದ್ ಕಿರ್ಮಾನಿ, ರಂಜಿತ್ ಖಾನ್ವಿಲ್ಕರ್ ನಾಲ್ವರೂ ಶತಕ ಹೊಡೆದರು. ಅಷ್ಟು ರನ್ ಕಲೆಹಾಕಿದ ತಂಡ ಟ್ರೋಫಿಯನ್ನು ಬೆಂಗಳೂರಿಗೆ ಒಯ್ಯಬೇಕಾದದ್ದು ಸಹಜ. ಆದರೆ ದೆಹಲಿ ಎಂಟು ವಿಕೆಟ್‌ಗಳಿಗೆ 707 ರನ್ ಮಾಡಿತು. ಪಂದ್ಯ ಪೂರ್ತಿಯಾಗದಿದ್ದರೆ ಮೊದಲ ಇನ್ನಿಂಗ್ಸ್‌ನಲ್ಲಿ ಮುಂದಿದ್ದವರೇ ವಿಜಯಿಗಳು ಎಂಬುದು ರಣಜಿಯ ನಿಯಮ. ಹಾಗಾಗಿ ಹದಿನೆಂಟು ವಿಕೆಟ್‌ಗಳಿಗೆ 1,412 ರನ್‌ಗಳು ಹರಿದ ಈ ಮಹಾಪಂದ್ಯದಲ್ಲಿ, ಇಂದಿನ ಇಪ್ಪತ್ತು ಓವರ್‌ಗಳ ಆಟದ ಭಾಷೆಯಲ್ಲಿ ಹೇಳುವುದಾದರೆ, ಕರ್ನಾಟಕ ಎರಡು ವಿಕೆಟ್‌ಗಳಿಂದ ಸೋತಿತು.

ಕರ್ನಾಟಕ ಅಂತಿಮ ಪಂದ್ಯಕ್ಕೆ ಬಂದ ಬಗೆಯೂ ಕಥೆಯಾಗುವಂಥದ್ದೇ. ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಎದುರಾಳಿ ಮುಂಬಯಿ. ಎಡಗೈ ಸ್ಪಿನ್ನರ್ ರಘುರಾಮ ಭಟ್ ಹ್ಯಾಟ್ರಿಕ್ ಪಡೆದು ಮುಂಬಯಿಯ ಬೆನ್ನು ಮುರಿದರು. ಹೊರಕ್ಕೆ ತಿರುಗುತ್ತಿದ್ದ ಅವರ ಚೆಂಡನ್ನು ತಡೆಯಲು ಸುನೀಲ್ ಗಾವಸ್ಕರ್ ಎರಡನೆಯ ಇನ್ನಿಂಗ್ಸ್‌ನಲ್ಲಿ ಎಡಗೈ ಆಟಗಾರನಂತೆ ನಿಂತು ಆಡಿದರು. ಜಗತ್ತಿನ ವೇಗದ ಬೌಲರುಗಳನ್ನೆಲ್ಲ ಬಲಗೈಯಲ್ಲಿ ಎದುರಿಸಿದ ಗಾವಸ್ಕರ್ ಪುತ್ತೂರಿನ ಒಬ್ಬ ಹುಡುಗನೆದುರು ಕೈ ಬದಲಿಸಬೇಕಾಯಿತು! ಅಂಥ ತಂಡ ಕೋಟ್ಲಾದಲ್ಲಿ ಏಳುನೂರ ಐದನ್ನು ಕಾಪಾಡಿಕೊಳ್ಳಲಾಗದೆ ಹೋಯಿತು.

ದೆಹಲಿಯ ಪರವಾಗಿ ಮೊಹಿಂದರ್ ಅಮರನಾಥ್ 185 ರನ್ ಮಾಡಿದರು, ಗುರುಶರಣ್ ಸಿಂಗ್ 101 ರನ್ ಮಾಡಿದರು. ಆದರೂ ಎಂಟನೆಯ ವಿಕೆಟ್ ಬಿದ್ದಾಗ ದೆಹಲಿಯ ಮೊತ್ತ 589. ಮುನ್ನಡೆಗೆ ಇನ್ನೂ 117 ರನ್ ಬೇಕು. ಉಳಿದಿರುವುದು ಎರಡೇ ವಿಕೆಟ್. ಆಗ ಕ್ರೀಸ್‌ನಲ್ಲಿದ್ದವರು ಲೆಗ್ ಸ್ಪಿನ್ನರ್ ರಾಕೇಶ್ ಶುಕ್ಲಾ. ಅವರನ್ನು ಕೂಡಿಕೊಂಡವರು ಮಧ್ಯಮ ವೇಗದ ಬೌಲರ್ ರಾಜೇಶ್ ಪೀಟರ್. ಇಬ್ಬರೂ ಅಲ್ಲಿಯವರೆಗೆ ಭಾರತಕ್ಕೆ ಒಂದು ಟೆಸ್ಟನ್ನೂ ಆಡಿದವರಲ್ಲ. ಇವರಿಬ್ಬರೂ ಔಟಾಗದೆ 118 ರನ್ ಸೇರಿಸಿದರು. ಶುಕ್ಲಾ 69, ಪೀಟರ್ 67. ಕೊನೆಯ ರನ್ ಬಂದಾಗ ಆಚೆಯ ತಂಡದಲ್ಲಿ ವಿಶ್ವನಾಥ್, ಕಿರ್ಮಾನಿ, ಬಿನ್ನಿ, ಪಟೇಲ್ ಇದ್ದರು. ಕಪ್ ಮಾತ್ರ ಬಾಲಂಗೋಚಿಗಳ ಕೈ ಸೇರಿತ್ತು.

ಇದನ್ನು ಅದೃಷ್ಟವೆಂದು ಕೈಬಿಡಬಹುದು. ಹಾಗೆ ಬಿಟ್ಟರೆ ಇತಿಹಾಸ ತಿಳಿಯುವುದಿಲ್ಲ. ಹತ್ತನೆಯ ಕ್ರಮಾಂಕದಲ್ಲಿ ಬಂದು ಅಂತಿಮ ಪಂದ್ಯದ ಒತ್ತಡದಲ್ಲಿ ಅರವತ್ತೇಳು ರನ್ ಮಾಡುವ ಗಟ್ಟಿತನ ಒಂದು ದಿನದಲ್ಲಿ ಬರುವುದಲ್ಲ. ಅದು ಯಾರೂ ನೋಡದ ಪಂದ್ಯಗಳಲ್ಲಿ, ಸ್ಥಳೀಯ ಕ್ಲಬ್ಬುಗಳ ಲೀಗ್ ಋತುಗಳಲ್ಲಿ, ವರ್ಷಗಟ್ಟಲೆ ಶೇಖರವಾಗುವಂಥದ್ದು. ಕೋಟ್ಲಾದ ಆ ಪಂದ್ಯವನ್ನು ಎರಡು ನಗರಗಳ ಭಾನುವಾರದ ಲೀಗ್‌ಗಳು ಮುಖಾಮುಖಿಯಾದ ಸಂದರ್ಭವೆಂದು ಓದಬೇಕು ಎಂಬುದು ನನ್ನ ವಾದ.

ಮೊದಲು ಬೆಂಗಳೂರನ್ನು ನೋಡೋಣ. ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯವನ್ನೇ ಆಡಿದ ಕೀರ್ತಿ ಮೈಸೂರು ತಂಡದ್ದು. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮದರಾಸಿನ ವಿರುದ್ಧ ಆಡಿದ ಆ ಪಂದ್ಯ ಒಂದೇ ದಿನದಲ್ಲಿ ಮುಗಿದು ಮೈಸೂರು ಸೋತಿತು. ಅಲ್ಲಿಂದ ಮೊದಲ ಕಪ್ ಗೆಲ್ಲಲು ನಲವತ್ತು ವರ್ಷ ಬೇಕಾಯಿತು. ಈ ನಲವತ್ತು ವರ್ಷಗಳಲ್ಲಿ ತಂಡವನ್ನು ಪೊರೆದದ್ದು ಸಿಟಿ ಕ್ರಿಕೆಟರ್ಸ್, ಸ್ವಸ್ತಿಕ್ ಯೂನಿಯನ್, ಬೆಂಗಳೂರು ಯುನೈಟೆಡ್ ಮುಂತಾದ ಕ್ಲಬ್ಬುಗಳು. ಅವುಗಳ ಲೀಗ್ ಪಂದ್ಯಗಳು ನಡೆಯುತ್ತಿದ್ದದ್ದು ಬಹುಪಾಲು ಹುಲ್ಲಿನ ಪಿಚ್‌ಗಳ ಮೇಲಲ್ಲ, ಮ್ಯಾಟಿಂಗ್ ಮೇಲೆ. ಗಟ್ಟಿ ನೆಲದ ಮೇಲೆ ತೆಂಗಿನ ನಾರಿನ ಚಾಪೆ ಹಾಸಿ, ನಾಲ್ಕೂ ಕಡೆ ಎಳೆದು, ಮೊಳೆ ಹೊಡೆದರೆ ಪಿಚ್ ಸಿದ್ಧ. ನೀರು ಬೇಡ, ರೋಲರ್ ಬೇಡ, ಮಾಲಿಯ ಸಂಬಳ ಬೇಡ. ಆಟ ಮುಗಿದ ಮೇಲೆ ಸುತ್ತಿ ಹೆಗಲಿಗೇರಿಸಿಕೊಂಡು ಹೋದರಾಯಿತು. ಬಡ ಕ್ಲಬ್ಬುಗಳ ಈ ಅನಿವಾರ್ಯವೇ ಕರ್ನಾಟಕದ ಶೈಲಿಯನ್ನು ರೂಪಿಸಿತು. ಚಾಪೆಯ ಮೇಲೆ ಚೆಂಡು ಪುಟಿಯುತ್ತದೆ, ಹಿಡಿದು ತಿರುಗುತ್ತದೆ. ಚಂದ್ರಶೇಖರ್, ಪ್ರಸನ್ನರಿಂದ ಹಿಡಿದು ಕುಂಬ್ಳೆಯವರೆಗೆ ಕನ್ನಡನಾಡು ಸ್ಪಿನ್ನರುಗಳನ್ನು ಬೆಳೆಸಿದ್ದಕ್ಕೂ, ಹಿಂಗಾಲಿನ ಮೇಲೆ ನಿಂತು ಮಣಿಕಟ್ಟಿನಿಂದ ಚೆಂಡನ್ನು ಕತ್ತರಿಸುವ ವಿಶ್ವನಾಥ್ ಅವರಂಥ ದಾಂಡಿಗರನ್ನು ಕೊಟ್ಟಿದ್ದಕ್ಕೂ ಈ ಚಾಪೆಯ ಋಣವಿದೆ.

1973–74ರಲ್ಲಿ ಎರ‍್ರಾಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕ ಮುಂಬಯಿಯ ಹದಿನೈದು ವರ್ಷಗಳ ಅವಿಚ್ಛಿನ್ನ ಆಳ್ವಿಕೆಯನ್ನು ಉಪಾಂತ್ಯದಲ್ಲಿ ಕೊನೆಗಾಣಿಸಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಕಪ್ ಗೆದ್ದಿತು. ಎರಡನೆಯ ಕಪ್ ಸಿಕ್ಕಿದ್ದು ನಮ್ಮ ಮನೆಬಾಗಿಲಲ್ಲೇ. 1977–78ರ ಅಂತಿಮ ಪಂದ್ಯ ಉತ್ತರ ಪ್ರದೇಶದ ವಿರುದ್ಧ ನಡೆದದ್ದು ಗಾಜಿಯಾಬಾದಿನ ಮೋಹನ್ ನಗರದಲ್ಲಿ. ವಿಶ್ವನಾಥ್ 247 ರನ್ ಹೊಡೆದರು. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಅದೇ ಅವರ ಅತ್ಯಧಿಕ ಮೊತ್ತ. ಕರ್ನಾಟಕ ಇನ್ನಿಂಗ್ಸ್ ಹಾಗೂ 193 ರನ್‌ಗಳಿಂದ ಗೆದ್ದಿತು. ಮೆಟ್ರೋದ ಕೆಂಪು ಮಾರ್ಗದಲ್ಲಿ ಮೋಹನ್ ನಗರ ನಿಲ್ದಾಣವನ್ನು ದಾಟಿ ದಿನವೂ ಕಚೇರಿಗೆ ಬರುವ ಕನ್ನಡಿಗರು ನಮ್ಮಲ್ಲಿದ್ದಾರೆ. ಕರ್ನಾಟಕದ ಎರಡನೆಯ ರಣಜಿ ಕಿರೀಟ ಈ ಊರಿನದು ಎಂದರೆ ಬಹುಮಂದಿ ನಂಬುವುದಿಲ್ಲ.

ಮೋಹನ್ ನಗರದ ಆ ಮೈದಾನ ಸರ್ಕಾರದ್ದಲ್ಲ, ಯಾವ ಕ್ರಿಕೆಟ್ ಸಂಸ್ಥೆಯದೂ ಅಲ್ಲ. ಮೋಹನ್ ಮೀಕಿನ್ ಎಂಬ ಮದ್ಯ ತಯಾರಿಕೆಯ ಕಂಪನಿಯದು. ಕಾರ್ಖಾನೆಯ ಅಂಗಳದಲ್ಲಿ ದೇಶದ ಅತ್ಯುನ್ನತ ದೇಶೀಯ ಪಂದ್ಯ ನಡೆಯಿತೆಂಬುದು ಆ ಕಾಲದ ಕ್ರಿಕೆಟ್ ಯಾರ ಆಶ್ರಯದಲ್ಲಿತ್ತು ಎಂಬುದಕ್ಕೆ ಸಾಕ್ಷಿ. ವಿಶ್ವನಾಥ್ ಹಾಗೂ ಕಿರ್ಮಾನಿ ಸ್ಟೇಟ್ ಬ್ಯಾಂಕಿನ ಉದ್ಯೋಗಿಗಳು. ಚಂದ್ರಶೇಖರ್ ಸಿಂಡಿಕೇಟ್ ಬ್ಯಾಂಕಿನವರು. ಪ್ರಸನ್ನ ತಂದೆಯವರು ತೀರಿಕೊಂಡ ಮೇಲೆ ಇಂಜಿನಿಯರಿಂಗ್ ಪದವಿ ಮುಗಿಸಲೆಂದು ಸುಮಾರು ಐದು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದಲೇ ದೂರ ಉಳಿದವರು. ಇವರೆಲ್ಲ ಲೋಕಕ್ಕೆ ತಾರೆಗಳು. ಹಾಜರಿ ಪುಸ್ತಕದ ಪಾಲಿಗೆ ನೌಕರರು. ಕ್ರಿಕೆಟ್ ಅವರಿಗೆ ಹೆಸರು ಕೊಡುತ್ತಿತ್ತು, ಅನ್ನ ಕೊಡುತ್ತಿದ್ದದ್ದು ಕಚೇರಿ.

ದೆಹಲಿಯಲ್ಲಿ ಈ ಮಾತು ಇನ್ನೂ ನಿಜ. ರಣಜಿಯಲ್ಲಿ ರಾಜ್ಯಗಳ ಸರಿಸಮನಾಗಿ ಆಡುವ ರೈಲ್ವೇಸ್ ಮತ್ತು ಸರ್ವಿಸಸ್ ಎಂಬ ಎರಡು 'ಕಚೇರಿ'ಗಳ ತವರು ಈ ನಗರವೇ. ಕೇಂದ್ರ ಸರ್ಕಾರದ ನೌಕರರಿಗಂತೂ ಕ್ರೀಡೆಗಾಗಿ ಪ್ರತ್ಯೇಕ ನಿಯಮಗಳೇ ಇವೆ: ಪ್ರತಿಭಾವಂತ ಕ್ರೀಡಾಪಟುಗಳ ನೇಮಕಾತಿ, ಸಚಿವಾಲಯಗಳ ನಡುವಿನ ಪಂದ್ಯಾವಳಿ, ರಾಷ್ಟ್ರಮಟ್ಟದಲ್ಲಿ ಆಡುವವರಿಗೆ ವರ್ಷಕ್ಕೆ 30 ದಿನಗಳವರೆಗಿನ ವಿಶೇಷ ಸಾಂದರ್ಭಿಕ ರಜೆ. ಕಡತಗಳ ನಡುವೆ ಬದುಕುವ ನನ್ನಂಥವನಿಗೆ ಹವ್ಯಾಸಿ ಕ್ರಿಕೆಟ್ಟಿನ ಚರಿತ್ರೆ ಒಂದು ಅರ್ಥದಲ್ಲಿ ರಜೆಯ ಚರಿತ್ರೆಯಾಗಿ ಕಾಣುತ್ತದೆ. ಯಾವ ಮೇಲಧಿಕಾರಿ ಯಾವ ಅರ್ಜಿಯ ಮೇಲೆ 'ಮಂಜೂರು' ಎಂದು ಬರೆದನೋ ಆ ಹುಡುಗನಿಗೆ ಒಂದು ಋತು ದೊರೆಯಿತು. ಎಲ್ಲಿ 'ಕಚೇರಿಯ ಹಿತದೃಷ್ಟಿಯಿಂದ ಸಾಧ್ಯವಿಲ್ಲ' ಎಂದು ಬರೆಯಲಾಯಿತೋ ಅಲ್ಲಿ ಒಂದು ಋತು ಸತ್ತಿತು. ಅಂಥ ಟಿಪ್ಪಣಿಗಳು ಯಾವ ದಾಖಲೆಯ ಪುಟದಲ್ಲೂ ಸಿಗುವುದಿಲ್ಲ.

ದೆಹಲಿಯ ಕ್ಲಬ್ ಲೀಗ್ ಬೆಂಗಳೂರಿನದಕ್ಕಿಂತ ಒರಟು. ಮೈದಾನಗಳ ಕೊರತೆ, ಉರಿ ಬಿಸಿಲು, ಚಳಿಗಾಲದ ಮಂಜು, ಆಯ್ಕೆಯ ರಾಜಕೀಯ ಎಲ್ಲವನ್ನೂ ದಾಟಿ ಬಂದವನು ಸುಲಭಕ್ಕೆ ಬಗ್ಗುವುದಿಲ್ಲ. ತಾರಕ್ ಸಿನ್ಹಾ 1969ರಲ್ಲಿ ಕಟ್ಟಿದ ಸಾನೆಟ್ ಕ್ಲಬ್ ಇದಕ್ಕೆ ಉತ್ತಮ ನಿದರ್ಶನ. ಶ್ರೀಮಂತ ಕ್ಲಬ್ಬುಗಳ ಬಾಗಿಲು ತೆರೆಯದ ಹುಡುಗರಿಗಾಗಿ ಪಾರ್ಕಿನಲ್ಲಿ ಶುರುವಾದ ಆ ಕ್ಲಬ್ಬಿನಿಂದ ರಮಣ್ ಲಾಂಬಾ, ಮನೋಜ್ ಪ್ರಭಾಕರ್, ಆಶಿಶ್ ನೆಹ್ರಾ, ಶಿಖರ್ ಧವನ್, ರಿಷಭ್ ಪಂತ್ ಹೊರಬಂದರು. ಅದರ ಮೊದಲ ಫಲಗಳಲ್ಲೊಬ್ಬರು ಸುರಿಂದರ್ ಖನ್ನಾ. 1978–79ರ ಅಂತಿಮ ಪಂದ್ಯದಲ್ಲಿ, ಬೆಂಗಳೂರಿನಲ್ಲೇ, ಕರ್ನಾಟಕದ ವಿರುದ್ಧ ಎರಡೂ ಇನ್ನಿಂಗ್ಸ್‌ಗಳಲ್ಲಿ ಶತಕ ಹೊಡೆದು ದೆಹಲಿಗೆ ಮೊದಲ ರಣಜಿ ಕಪ್ ತಂದುಕೊಟ್ಟವರು ಅವರೇ. ಮೂರು ವರ್ಷಗಳ ಅನಂತರ ಕೋಟ್ಲಾದಲ್ಲಿ ಶುಕ್ಲಾ, ಪೀಟರ್ ತೋರಿದ ಹಟ ಅನಿರೀಕ್ಷಿತವಾಗಿರಬಹುದು, ಆಕಸ್ಮಿಕವಲ್ಲ. ಅವರ ಬೆನ್ನಿಗೆ ಈ ನಗರ ಇತ್ತು.

ಹಳೆಯದನ್ನೆಲ್ಲ ಹೊನ್ನಾಗಿಸುವ ಚಾಳಿ ಹೊರನಾಡಿನವರಲ್ಲಿ ತುಸು ಹೆಚ್ಚು. ಆದ್ದರಿಂದ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹವ್ಯಾಸಿ ಯುಗ ನ್ಯಾಯದ ಯುಗವಾಗಿರಲಿಲ್ಲ. ನೌಕರಿ ಸಿಕ್ಕವನು ಉಳಿದ. ಸಿಗದವನು ಮೂವತ್ತರೊಳಗೆ ಆಟ ಬಿಟ್ಟು ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಕೂತ. ಶುಕ್ಲಾ ಬಂಗಾಳ, ಬಿಹಾರಗಳಿಗೂ ಆಡಿದವರು; ಅವರಿಗೆ ಕೊನೆಗೆ ದಕ್ಕಿದ್ದು 1982ರ ಸೆಪ್ಟೆಂಬರಿನಲ್ಲಿ ಮದರಾಸಿನಲ್ಲಿ ಶ್ರೀಲಂಕಾ ವಿರುದ್ಧದ ಒಂದೇ ಒಂದು ಟೆಸ್ಟ್. ಪೀಟರ್‌ಗೆ ಅದೂ ಸಿಗಲಿಲ್ಲ; ನಲವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ಇಂದು ರಣಜಿಯ ಅನುಭವಿ ಆಟಗಾರನೊಬ್ಬ ದಿನಕ್ಕೆ 60,000 ರೂಪಾಯಿ ಪಡೆಯುತ್ತಾನೆ. ಅದನ್ನು ನೋಡಿ 'ಆಟ ಕೆಟ್ಟಿತು' ಎನ್ನುವವರ ಜೊತೆ ನಾನಿಲ್ಲ. ಆಡುವವನು ತನ್ನ ಆಟದಿಂದಲೇ ಉಣ್ಣುವುದು ತಪ್ಪಲ್ಲ, ಬಹಳ ತಡವಾಗಿ ಬಂದ ನ್ಯಾಯ. ಆದರೆ ಬ್ಯಾಂಕಿನ ಗುಮಾಸ್ತನೊಬ್ಬ ಶುಕ್ರವಾರ ಲೆಡ್ಜರ್ ಮುಚ್ಚಿ ಶನಿವಾರ ರಾಜ್ಯಕ್ಕೆ ಆಡಲು ಹೋಗುವ, ಸೋಮವಾರ ಗ್ರಾಹಕನಿಗೆ ಚೆಕ್‌ಬುಕ್ ಕೊಡುತ್ತ ಪಂದ್ಯದ ಕಥೆ ಹೇಳುವ ನಂಟು ಹೋಯಿತು. ಆಟಗಾರನಿಗೂ ನೋಡುಗನಿಗೂ ನಡುವೆ ಆಗ ಇದ್ದದ್ದು ಒಂದು ಕೌಂಟರಿನ ಅಂತರ ಮಾತ್ರ.

ಇಷ್ಟಾದ ಮೇಲೂ ಕೋಟ್ಲಾದ ಸ್ಕೋರ್ ಪಟ್ಟಿ ನಮ್ಮ ಮುಂದೆ ಇನ್ನೊಂದು ಪ್ರಶ್ನೆಯನ್ನಿಡುತ್ತದೆ. ಒಂದು ಸಾಲಿನಲ್ಲಿ ನಮ್ಮ ರಾಜ್ಯದ 705, ಅದರ ಕೆಳಗೆ ನಮ್ಮ ಊರಿನ 707. ನಾವು ಯಾವ ಸಾಲಿನವರು? ಮೊದಲ ತಲೆಮಾರಿನ ವಲಸಿಗನಿಗೆ ಉತ್ತರ ಸುಲಭ. ಇಲ್ಲಿ ಹುಟ್ಟಿ, ಇಲ್ಲಿನ ಕ್ಲಬ್ಬಿನಲ್ಲಿ ಬೆವರು ಸುರಿಸಿ, ಮನೆಯಲ್ಲಿ ಕನ್ನಡವನ್ನೂ ಮೈದಾನದಲ್ಲಿ ಹಿಂದಿಯನ್ನೂ ಆಡುವ ನಮ್ಮ ಮಕ್ಕಳಿಗೆ ಅಷ್ಟು ಸುಲಭವಲ್ಲ. ಅವರು ದೆಹಲಿಯ ಪರ ಕೂಗಿದರೆ ಕನ್ನಡಕ್ಕೆ ದ್ರೋಹವಾಯಿತೆಂದು ಮುನಿಯುವ ಹಿರಿಯರನ್ನು ನಾನು ಕಂಡಿದ್ದೇನೆ. ಸ್ಥಳೀಯ ಕ್ರಿಕೆಟ್ಟಿನ ಚರಿತ್ರೆ ಆ ಮುನಿಸನ್ನು ಬೆಂಬಲಿಸುವುದಿಲ್ಲ. ಈ ಆಟದಲ್ಲಿ ತಂಡ ಹುಟ್ಟುವುದು ರಕ್ತದಿಂದಲ್ಲ, ಅಭ್ಯಾಸ ನಡೆಯುವ ಮೈದಾನದಿಂದ. ಕಾನಪುರದಲ್ಲಿ ಹುಟ್ಟಿದ ಶುಕ್ಲಾ ದೆಹಲಿಯವರಾದದ್ದು ಹಾಗೆಯೇ.

ಮರುವರ್ಷವೇ, 1982–83ರಲ್ಲಿ, ಕರ್ನಾಟಕ ಮುಂಬಯಿಗೆ ಹೋಗಿ ಅಂತಿಮ ಪಂದ್ಯದಲ್ಲಿ ಮುಂಬಯಿಯನ್ನೇ ಮೊದಲ ಇನ್ನಿಂಗ್ಸ್ ಮುನ್ನಡೆಯಿಂದ ಸೋಲಿಸಿ ಮೂರನೆಯ ಕಪ್ ಗೆದ್ದುಕೊಂಡಿತು. ಕೋಟ್ಲಾದಲ್ಲಿ ಯಾವ ನಿಯಮ ಕೈಕೊಟ್ಟಿತೋ ಅದೇ ನಿಯಮ ವಾಂಖೆಡೆಯಲ್ಲಿ ಕೈಹಿಡಿಯಿತು. ಗೆದ್ದವರ ಹೆಸರುಗಳನ್ನು ಕ್ರೀಡಾಂಗಣಗಳ ಸ್ಟ್ಯಾಂಡುಗಳು ಹೊತ್ತು ನಿಂತಿವೆ. ಕೋಟ್ಲಾದಲ್ಲಿ ಮೊಹಿಂದರ್ ಅಮರನಾಥ್ ಅವರ ಹೆಸರಿನದೊಂದು ಇದೆ. ಚಾಪೆ ಹಾಸಿದವರ, ರಜೆ ಮಂಜೂರು ಮಾಡಿದವರ, ಒಂಬತ್ತನೆಯ ವಿಕೆಟ್ಟಿಗೆ ನೂರ ಹದಿನೆಂಟು ರನ್ ಕೂಡಿಸಿದವರ ಹೆಸರುಗಳನ್ನು ಹೊರಬೇಕಾದದ್ದು ನಮ್ಮ ನೆನಪು. ಮುಂದಿನ ಚಳಿಗಾಲದಲ್ಲಿ ಕರ್ನಾಟಕ ಇಲ್ಲಿ ರಣಜಿ ಆಡಲು ಬಂದರೆ, ಒಂದು ದಿನದ ಸಾಂದರ್ಭಿಕ ರಜೆ ಹಾಕಿ ಮಕ್ಕಳನ್ನು ಕರೆದುಕೊಂಡು ಹೋಗಿ. ಅವರು ಯಾವ ತಂಡಕ್ಕೆ ಚಪ್ಪಾಳೆ ತಟ್ಟಿದರೂ ತಡೆಯಬೇಡಿ. 705ರ ಕಥೆಯನ್ನು ಮಾತ್ರ ಕನ್ನಡದಲ್ಲಿ ಹೇಳಿ.